ವೈದ್ಯರ ಮಗ, ರಾಯಭಾರಿ, ವಿಜ್ಞಾನ ಮಂತ್ರಿ



ಕೆ.ಆರ್. ನಾರಾಯಣನ್ ಅಂದ ಕೂಡಲೇ ನೀವು ‘ಮೊದಲನೇ ದಲಿತ ರಾಷ್ಟ್ರಪತಿ’ ಅಂತೀರಿ. ಖರೆ, 1997ರಲ್ಲಿ ಆದರು. ನಾನು ಇವತ್ತು ಹೇಳೂದು ಅದಕ್ಕಿಂತ ಮೊದಲಿನ ನಲವತ್ತು ವರ್ಷದ ದುಡಿಮೆಯ ಮಾತು.

ಕೇರಳದ ಉಳವೂರು ಅವರ ಹಳ್ಳಿ. ತಂದೆ ನಾಟಿ ವೈದ್ಯರು. ಸಾಲಿಗೆ ದಿನಾ ಮೈಲುಗಟ್ಟಲೆ ನಡಿಗೆ. ಫೀ ಬಾಕಿ ಉಳಿದಾಗ ವರ್ಗದ ಹೊರಗ ನಿಂತು ಪಾಠ ಕೇಳಿದರು. ಪುಸ್ತಕ ಕೊಳ್ಳಾಕ ರೊಕ್ಕ ಇಲ್ಲದಾಗ ಅಣ್ಣ ಬೇರೆಯವರ ಪುಸ್ತಕ ತಂದು ಕೈಯಿಂದ ಬರೆದುಕೊಟ್ಟರು. ಹಂಗ ಓದಿದವರು ಟಾಟಾ ವಿದ್ಯಾರ್ಥಿವೇತನದ ಮೇಲೆ 1945ರಲ್ಲಿ ಲಂಡನ್ನಿಗೆ ಹೋದರು. ಬಾಬಾಸಾಹೇಬರು ಕಲಿತ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲೇ ಕಲಿತರು.

1949ರಲ್ಲಿ ವಿದೇಶಾಂಗ ಸೇವೆ ಸೇರಿದರು. ರಂಗೂನ್, ಟೋಕಿಯೋ, ಹನೋಯ್ ಸುತ್ತಿದರು. ಥಾಯ್ಲೆಂಡ್, ಟರ್ಕಿಗೆ ರಾಯಭಾರಿ ಆದರು. ಚೀನಾದ ಸಂಗಡ ಸಂಬಂಧ ಕೆಟ್ಟು, 15 ವರ್ಷ ಅಲ್ಲಿ ನಮ್ಮ ರಾಯಭಾರಿಯೇ ಇರಲಿಲ್ಲ. 1976ರಲ್ಲಿ ಮತ್ತೆ ಮಾತು ಹಚ್ಚಬೇಕಾದಾಗ ಸರಕಾರ ಕಳಿಸಿದ್ದು ಇವರನ್ನ. 1980ರಿಂದ 1984ರವರೆಗೆ ಅಮೆರಿಕಾದಲ್ಲಿದ್ದರು.

ಆಮೇಲೆ ಲೋಕಸಭೆಗೆ ಆರಿಸಿ ಬಂದು, ಕೇಂದ್ರದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನದ ರಾಜ್ಯ ಸಚಿವರಾದರು. 1970ರ ನಮ್ಮ ಪೇಟೆಂಟ್ ಕಾಯ್ದೆ ಪ್ರಕಾರ ಆಗ ಔಷಧಕ್ಕೆ ಪೇಟೆಂಟ್ ಇರಲಿಲ್ಲ, ತಯಾರಿಸುವ ವಿಧಾನಕ್ಕಷ್ಟೇ ಇತ್ತು. ಅದೇ ಔಷಧವನ್ನ ನಮ್ಮ ಕಂಪನಿಗಳು ಬೇರೆ ವಿಧಾನದಿಂದ ಮಾಡಿ ಅಗ್ಗದಾಗ ಮಾರತಿದ್ದವು. ಕಾಯ್ದೆ ಬಿಗಿ ಮಾಡಿರಿ ಅಂತ ಹೊರದೇಶದ ಒತ್ತಡ ಬಂತು. ನಾರಾಯಣನ್ ಆ ಒತ್ತಡಕ್ಕೆ ಬಗ್ಗಲಿಲ್ಲ. ಔಷಧಕ್ಕೇ ಪೇಟೆಂಟ್ ಕೊಡುವ ತಿದ್ದುಪಡಿ ಬಂದದ್ದು 2005ರಲ್ಲಿ.

ಇದು ದಿಲ್ಲಿ ಮಾತು, ಸನಮಡಿಗೆ ಏನು ಸಂಬಂಧ ಅಂತೀರೇನು? ಅವ್ವನ ಗುಳಿಗೆಗೆ ನೀವು ಕೊಡೋ ರೊಕ್ಕ ಇಂಥ ಮಾತುಕತೆಯಾಗ ಗೊತ್ತಾಗತದ. ಗುಳಿಗೆ ಕೊಳ್ಳಾಕ ಆಗದ ಮನಿ ಎಂಥದು ಅಂತ ತಿಳಿದವರು ಅಲ್ಲಿ ಕೂತಿರಬೇಕು. ಮೊಬೈಲು, ಕಂಪ್ಯೂಟರಿನ ಕಾಯ್ದೆಗೂ ಇದೇ ಮಾತು.

ತಮ್ಮಾ, ತಂಗೀ, ಮನಿಯಾಗ ಕನ್ನಡ, ಜತ್ತದ ಕಚೇರಿಯಾಗ ಮರಾಠಿ ಮಾತಾಡಿ ನೀವು ಎರಡು ಭಾಷೆ ಆಗಲೇ ಗೆದ್ದೀರಿ. ಇಂಗ್ಲಿಷ್ ಮೂರನೇದು, ಅಷ್ಟೇ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮಹಾರಾಷ್ಟ್ರ ಸರಕಾರದ ರಾಜರ್ಷಿ ಶಾಹು ಮಹಾರಾಜ ಪರದೇಶ ಶಿಷ್ಯವೃತ್ತಿ ಅದ, ಕೇಂದ್ರದ ನ್ಯಾಷನಲ್ ಓವರ್ಸೀಸ್ ಸ್ಕಾಲರ್‌ಶಿಪ್ ಅದ. ಪದವಿ ಓದುತ್ತಿರುವಾಗಲೇ ಅವುಗಳ ನಿಯಮ ತಿಳಕೊಳ್ಳಿರಿ, ಜಾತಿ ಮತ್ತು ಉತ್ಪನ್ನದ ದಾಖಲೆ ತಯಾರು ಇಟ್ಟುಕೊಳ್ಳಿರಿ. ತಾಯಿ-ತಂದೆಯರೆ, ಓದೋ ಮಗಳನ್ನ ಅರ್ಧಕ್ಕೆ ಬಿಡಿಸಬ್ಯಾಡ್ರಿ. ಇಷ್ಟು ಹೇಳಿ ನನ್ನ ಮಾತು ಮುಗಸ್ತೀನಿ.

ಜೈ ಭೀಮ್.