ವಿಳಾಸ ಕೊಡಿ, ಬೀಗದ ಕೈ ಕೊಡಬೇಡಿ
(ಕಲಿಕಾ ಕೇಂದ್ರದಲ್ಲಿ ಮಹಿಳೆಯರಿಗಾಗಿ ಮಾಡಿದ ಭಾಷಣ)



ಇವತ್ತು ಹಣದ ವಿಷಯ ಮಾತಾಡೋಣ. ಈಗ ಯಾವ ಅಂಗಡಿಗೆ ಹೋದರೂ ಕಪ್ಪು ಬಿಳಿ ಚುಕ್ಕಿಗಳ ಒಂದು ಚೌಕ ಅಂಟಿಸಿರುತ್ತಾರೆ. ಸೊಪ್ಪಿನ ಗಾಡಿಯ ಮೇಲೂ ಇದೆ. ಹೂವಿನ ಬುಟ್ಟಿಯ ಪಕ್ಕದಲ್ಲೂ ಇದೆ. ಜನ ಅದರ ಮುಂದೆ ಫೋನು ಹಿಡೀತಾರೆ. ಹಣ ಹೋಗುತ್ತೆ. ಹೇಗೆ ಹೋಗುತ್ತೆ? ಯಾರಿಗೆ ಹೋಗುತ್ತೆ? ಇದು ನಮಗೆ ಗೊತ್ತಿರಬೇಕು. ನಾವು ದುಡಿದ ಹಣದ ದಾರಿ ನಮಗೇ ಗೊತ್ತಿಲ್ಲದಿದ್ದರೆ ಹೇಗೆ?

ಮೊದಲು ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸಬೇಕಾದರೆ ಏನು ಬೇಕಿತ್ತು? ಅವರ ಖಾತೆಯ ಉದ್ದನೆಯ ನಂಬರು ಬೇಕಿತ್ತು. ಜೊತೆಗೆ ಶಾಖೆಯ ಗುರುತು ಬೇಕಿತ್ತು. ಅದಕ್ಕೆ ಐಎಫ್‌ಎಸ್‌ಸಿ ಅಂತಾರೆ. ಅದರಲ್ಲಿ ಅಕ್ಷರ, ಅಂಕಿ ಎಲ್ಲ ಸೇರಿ 11. ಮೊದಲ ನಾಲ್ಕು ಅಕ್ಷರ ಬ್ಯಾಂಕಿನದು. ಐದನೆಯದು ಸೊನ್ನೆ. ಉಳಿದ ಆರು ಶಾಖೆಯದು. ಚೆನ್ನಾಗಿ ಓದಿದವರೂ ಇದನ್ನು ಬರೆಯುವಾಗ ತಪ್ಪುತ್ತಿದ್ದರು. ಒಂದು ಅಂಕಿ ತಪ್ಪಿದರೆ ಹಣ ಬೇರೆಯವರಿಗೆ ಹೋಗಬಹುದಿತ್ತು. ಇಲ್ಲವೇ ತಿರುಗಿ ಬರುತ್ತಿತ್ತು.

2016ರ ಏಪ್ರಿಲ್‌ನಲ್ಲಿ ನಮ್ಮ ದೇಶದಲ್ಲಿ ಯುಪಿಐ ಎಂಬ ಹೊಸ ಏರ್ಪಾಡು ಬಂತು. ಭಾರತೀಯ ರಾಷ್ಟ್ರೀಯ ಪಾವತಿ ನಿಗಮ ಇದನ್ನು ನಡೆಸುತ್ತದೆ. ಇದರಲ್ಲಿ ಉದ್ದನೆಯ ನಂಬರು ಬೇಡ. ಒಂದು ಚಿಕ್ಕ ವಿಳಾಸ ಸಾಕು. ಅದಕ್ಕೆ ಯುಪಿಐ ಐಡಿ ಅಂತಾರೆ.

ಅದು ಹೇಗಿರುತ್ತೆ? ಮೊದಲು ಒಂದು ಹೆಸರು. ನಡುವೆ @ ಗುರುತು. ಆಮೇಲೆ ಬ್ಯಾಂಕಿನ ಗುರುತು. ‘ಮಲ್ಲಿಗೆಹೂ@ಬ್ಯಾಂಕು’ ಅಂತ ಇಟ್ಟುಕೊಳ್ಳಿ. ನಿಜವಾದ ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತೆ. ಅಂಗಡಿಯ ಚೌಕದೊಳಗೆ ಇರೋದೂ ಇದೇ ವಿಳಾಸ. ಫೋನು ಅದನ್ನು ಓದಿಕೊಳ್ಳುತ್ತೆ, ಅಷ್ಟೆ.

‘ಅಯ್ಯೋ, ಈ ವಿಳಾಸ ಕಂಡವರಿಗೆಲ್ಲ ಗೊತ್ತಾದರೆ ಹಣ ಕದಿಯಲ್ವಾ?’ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ದೇವಸ್ಥಾನದ ಹುಂಡಿ ನೋಡಿದ್ದೀರಲ್ಲ? ಕಾಸು ಹಾಕಲು ಮೇಲೆ ಒಂದು ಸಂದು ಇರುತ್ತೆ. ಯಾರು ಬೇಕಾದರೂ ಹಾಕಬಹುದು. ಆದರೆ ತೆಗೆಯಲು ಬೀಗದ ಕೈ ಬೇಕು. ಯುಪಿಐ ಐಡಿ ಆ ಸಂದಿನ ಹಾಗೆ. ಅದನ್ನು ಕೊಟ್ಟರೆ ಹಣ ಒಳಗೆ ಬರುತ್ತೆ. ಬರೀ ಅದರಿಂದ ಯಾರೂ ಹಣ ತೆಗೆಯಲಾರರು. ಬೀಗದ ಕೈ ಬೇರೆ ಇದೆ. ಅದೇ ಪಿನ್. ನಾಲ್ಕು ಇಲ್ಲವೇ ಆರು ಅಂಕಿಯ ಗುಟ್ಟು.

ವಿಳಾಸ ಕೊಡಿ. ಬೀಗದ ಕೈ ಕೊಡಬೇಡಿ. ಇವತ್ತಿನ ಪಾಠ ಇಷ್ಟೇ.

ಮೋಸಗಾರರು ಕಣ್ಣು ಹಾಕೋದು ಈ ಬೀಗದ ಕೈ ಮೇಲೆ. ಫೋನು ಬರುತ್ತೆ. ‘ಅಕ್ಕಾ, ನಿಮಗೆ 5,000 ರೂಪಾಯಿ ಬಂದಿದೆ. ಒಂದು ಚೌಕ ಕಳಿಸಿದ್ದೀನಿ. ಅದನ್ನು ಫೋನಿಗೆ ತೋರಿಸಿ ಪಿನ್ ಒತ್ತಿ’ ಅಂತಾರೆ. ಒತ್ತಬೇಡಿ. ಹಣ ಬರಲು ಪಿನ್ ಬೇಡವೇ ಬೇಡ. ಪಿನ್ ಕೇಳಿದರು ಅಂದರೆ ಹಣ ಹೋಗುತ್ತೆ ಅಂತಲೇ ತಿಳಿಯಿರಿ.

ಇನ್ನೊಂದು ಮೋಸ ಇದೆ. ‘ತಪ್ಪಿ ನಿಮ್ಮ ಖಾತೆಗೆ ಹಣ ಹಾಕಿಬಿಟ್ಟೆ. ಆಸ್ಪತ್ರೆಯಲ್ಲಿದ್ದೀನಿ, ಬೇಗ ವಾಪಸ್ ಕೊಡಿ’ ಅಂತ ಅಳುತ್ತಾರೆ. ಒಂದು ಸುಳ್ಳು ಮೆಸೇಜೂ ಕಳಿಸುತ್ತಾರೆ. ಅವಸರ ಬೇಡ. ನಿಮ್ಮ ಖಾತೆಯಲ್ಲಿ ಎಷ್ಟು ಹಣ ಇದೆ ಅಂತ ನೀವೇ ನೋಡಿ. ನಿಜವಾಗಿ ಬಂದಿದ್ದರೂ ಬ್ಯಾಂಕಿಗೆ ಹೋಗಿ ಹೇಳಿ. ಅವರು ನೋಡಿಕೊಳ್ಳುತ್ತಾರೆ.

ಇಲ್ಲಿ ನಮ್ಮ ಓದು ಕೆಲಸಕ್ಕೆ ಬರುತ್ತೆ ನೋಡಿ. ಚೌಕ ತೋರಿಸಿದ ಮೇಲೆ ಪರದೆಯ ಮೇಲೆ ಒಂದು ಹೆಸರು ಬರುತ್ತೆ. ಚೌಕವನ್ನು ಫೋನು ಓದುತ್ತೆ. ಹೆಸರನ್ನು ನಾವು ಓದಬೇಕು. ಹೂವಿನ ಅಂಗಡಿಯ ಚೌಕದ ಮೇಲೆ ಕಳ್ಳರು ತಮ್ಮ ಚೌಕ ಅಂಟಿಸಿದ್ದರೆ? ಹೆಸರು ಓದಿದರೆ ಅಲ್ಲೇ ಸಿಕ್ಕಿ ಬೀಳುತ್ತಾರೆ. ‘ಅಕ್ಕಾ, ಇದು ನಿಮ್ಮ ಹೆಸರೇನಾ?’ ಅಂತ ಕೇಳಿ. ನಾಚಿಕೆ ಬೇಡ. ಆಮೇಲೆ ಮೊತ್ತ ಓದಿ. 50ಕ್ಕೆ ಒಂದು ಸೊನ್ನೆ ಹೆಚ್ಚಾದರೆ 500 ಆಗುತ್ತೆ. ‘ಪಾವತಿ’ ಅನ್ನೋ ಮಾತು ಕಂಡರೆ ನಿಲ್ಲಿ. ಪಾವತಿ ಅಂದರೆ ನಮ್ಮಿಂದ ಹೋಗುವ ಹಣ.

ಇಂಗ್ಲಿಷ್ ಬರದು ಅಂತ ಹೆದರಬೇಡಿ. 2016ರ ಡಿಸೆಂಬರ್‌ನಲ್ಲಿ ಬಂದ ‘ಭೀಮ್’ ಆ್ಯಪ್‌ನಲ್ಲಿ ಕನ್ನಡ ಇದೆ. ಕನ್ನಡ ಆರಿಸಿಕೊಳ್ಳಿ. ನೆಟ್ ಇಲ್ಲದ ಗುಂಡಿ ಫೋನಿನವರಿಗೂ ದಾರಿ ಇದೆ. *99# ಒತ್ತಿದರೆ ಬ್ಯಾಂಕಿನ ಸೇವೆ ಸಿಗುತ್ತೆ. ಬ್ಯಾಂಕಿನಲ್ಲಿ ಬರೆಸಿರುವ ನಂಬರಿನ ಸಿಮ್ ಮಾತ್ರ ನಿಮ್ಮ ಫೋನಿನಲ್ಲಿ ಇರಬೇಕು.

ವ್ಯಾಪಾರ ಮಾಡುವ ಅಕ್ಕಂದಿರಿಗೆ ಒಂದು ಮಾತು. ಎಷ್ಟೋ ಐಡಿಗಳಲ್ಲಿ ನಮ್ಮ ಫೋನ್ ನಂಬರೇ ಇರುತ್ತೆ. ಗಾಡಿಯ ಮೇಲೆ ಅಂಟಿಸಿದರೆ ದಾರಿಯಲ್ಲಿ ಹೋಗುವವರಿಗೆಲ್ಲ ನಂಬರು ಸಿಗುತ್ತೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಕಿರಿಕಿರಿ ಅಲ್ವಾ? ನಂಬರಿಲ್ಲದ, ಬರೀ ಹೆಸರಿನ ಐಡಿ ಮಾಡಿಕೊಳ್ಳಬಹುದು. ಮಾಡಿಕೊಳ್ಳಿ.

ಈಗ ಮನೆಯ ಮಾತು. 2023ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯದಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ತಿಂಗಳಿಗೆ 2,000 ರೂಪಾಯಿ. ಅದು ಮನೆಯ ಯಜಮಾನಿಯ ಖಾತೆಗೇ ಹೋಗಬೇಕು ಅಂತ ಗೊತ್ತು ಮಾಡಿದರು. ಸಂಘದ ಸಾಲ, ಕೂಲಿಯ ಹಣವೂ ಖಾತೆಗೆ ಬರುತ್ತೆ. ಆದರೆ ಪಿನ್ ಯಾರಿಗೆ ಗೊತ್ತು ಅಂತ ಕೇಳಿದರೆ ‘ನಮ್ಮ ಮಗನಿಗೆ ಗೊತ್ತು’, ‘ಯಜಮಾನರಿಗೆ ಗೊತ್ತು’ ಅಂತಾರೆ. ಖಾತೆ ನಿಮ್ಮ ಹೆಸರಲ್ಲಿ. ಪಿನ್ ಇನ್ನೊಬ್ಬರ ತಲೆಯಲ್ಲಿ. ಹಾಗಾದರೆ ಹಣ ಯಾರದು? ಯೋಚನೆ ಮಾಡಿ.

ಜಗಳ ಆಡಿ ಅಂತ ನಾನು ಹೇಳುತ್ತಿಲ್ಲ. ಮಕ್ಕಳ ಹತ್ತಿರ ಕಲಿಯಿರಿ. ‘ಹೇಗೆ ಅಂತ ತೋರಿಸು, ಒತ್ತೋದು ನಾನು’ ಅನ್ನಿ. ಹುಟ್ಟಿದ ವರ್ಷ, 1234 ಇಂಥ ಪಿನ್ ಬೇಡ. ಯಾರಿಗಾದರೂ ಗೊತ್ತಾಗಿದ್ದರೆ ಇವತ್ತೇ ಬದಲಾಯಿಸಿ.

ಇಷ್ಟೆಲ್ಲ ಆದರೂ ಮೋಸ ಆಯ್ತು ಅಂತ ಇಟ್ಟುಕೊಳ್ಳಿ. ಅಳುತ್ತಾ ಕೂರಬೇಡಿ. ಮನೆಯಲ್ಲಿ ಬೈತಾರೆ ಅಂತ ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಅದು ಇಂಥ ಮೋಸಕ್ಕೇ ಇರುವ ಸರ್ಕಾರದ ನಂಬರು. ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದರೆ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಇರುತ್ತೆ. ತಡ ಮಾಡಿದಷ್ಟೂ ಕಳ್ಳನಿಗೆ ಲಾಭ.

ಈಗ ಒಂದು ಅಭ್ಯಾಸ. ಪಕ್ಕದಲ್ಲಿ ಕೂತ ಗೆಳತಿಗೆ 1 ರೂಪಾಯಿ ಕಳಿಸಿ. ಅವರ ಹೆಸರು ಜೋರಾಗಿ ಓದಿ. ಮೊತ್ತ ಓದಿ. ಆಮೇಲೆ ಪಿನ್ ಒತ್ತಿ. ಒತ್ತುವಾಗ ಕೈ ಮರೆ ಮಾಡಿ. ಆ ಗೆಳತಿ ನಿಮಗೆ 1 ರೂಪಾಯಿ ತಿರುಗಿ ಕಳಿಸಲಿ. ಆಗ ನಿಮ್ಮ ಫೋನು ಪಿನ್ ಕೇಳುತ್ತಾ? ನೀವೇ ನೋಡಿ.

ನೆನಪಿಡಿ:
ಹೆಸರು ಓದಿ, ಮೊತ್ತ ಓದಿ, ಆಮೇಲೆ ಒತ್ತಿ.
ಹಣ ಬರಲು ಪಿನ್ ಬೇಡ.
ಪಿನ್ ಯಾರಿಗೂ ಹೇಳಬೇಡಿ.
ಮೋಸವಾದರೆ ಕೂಡಲೇ 1930.

ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ. ಎಲ್ಲಿ, ಫೋನು ತೆಗೀರಿ. ಯಾರು ಮೊದಲು ಕಳಿಸ್ತೀರಿ?