17 ನೋಟಿನ ಕಟ್ಟು

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಎಲ್ಲಿಂದ ಕೇಳ್ತಿದ್ರೂ ಇವತ್ತು ಒಂದು ಪೆನ್ನು, ಪೇಪರು ಹತ್ತಿರ ಇಟ್ಕೊಳ್ಳಿ. ವಿಷಯ ಮ.ಸಾ.ಅ., ಅಂದ್ರೆ ಮಹತ್ತಮ ಸಾಮಾನ್ಯ ಅಪವರ್ತನ. ತಡೀರಿ, ಆಫ್ ಮಾಡಬೇಡಿ! ಇದು ದುಡ್ಡಿನ ಕಥೆ, ಸ್ವಲ್ಪ ಜಗಳದ ಕಥೆಯೂ ಹೌದು.

ಹೋದ ಸೀಸನ್‌ನಲ್ಲಿ ನಾನು ಮತ್ತು ಹಳಿಯಾಳದ ನನ್ನ ದೋಸ್ತ ಸೇರಿ ದಾಂಡೇಲಿಯಲ್ಲಿ ಗಿರ್ಮಿಟ್-ಮಿರ್ಚಿ ಗಾಡಿ ಹಾಕಿದ್ವಿ. ಕಾಳಿ ನದಿಗೆ ರಾಫ್ಟಿಂಗ್‌ಗೆ ಬರೋರೇ ಗಿರಾಕಿಗಳು. ಗಾಡಿ, ಗ್ಯಾಸು, ಪಾತ್ರೆ, ಎಣ್ಣೆ ಅಂತ ಯಾರ ಕೈಯಲ್ಲಿ ದುಡ್ಡಿತ್ತೋ ಅವರು ಕೊಟ್ವಿ. ಕೂಡಿಸಿ ನೋಡಿದ್ರೆ ಅವನದು 39,100, ನನ್ನದು 32,300. ಕೊನೆಗೆ ಉಳಿದ ಲಾಭ 21,000.

ನಾನು ಬಿ.ಕಾಂ. ಶಾಣ್ಯಾತನ ತೋರಿಸೋಕೆ ಹೋದೆ. 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ಕರಾರು ಇಲ್ಲದಿದ್ರೆ ಲಾಭ ಸಮಪಾಲು ಅಂದೆ. ಕಾಯ್ದೆಯಲ್ಲಿ ಇರೋದು ಹಾಗೇ. ಆದ್ರೆ ಹೆಚ್ಚು ದುಡ್ಡು ಹಾಕಿದವನ ಮುಖ ಸಪ್ಪಗಾಯ್ತು. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ನಾನೇ ಹೋಗಿ, ಹಾಕಿದ ದುಡ್ಡಿನ ಪ್ರಕಾರವೇ ಹಂಚೋಣ ಅಂತ ಮೊಬೈಲಲ್ಲಿ ಒತ್ತಿ ತೋರಿಸಿದೆ: ನಿನ್ನ ಪಾಲು 0.5476.

"ಈ ಪಾಯಿಂಟು-ಗೀಯಿಂಟು ನಂಗ ತಿಳಿಯಂಗಿಲ್ಲ. ನಂದು ಎಷ್ಟು ಭಾಗ, ಅಷ್ಟ ಹೇಳು" ಅಂದ.

ನ್ಯಾಯವಾದ ಮಾತೇ. ನೂರರ ನೋಟುಗಳಲ್ಲಿ ಅವನವು 391, ನನ್ನವು 323. ಶಾಲೆಯಲ್ಲಿ ಕಲಿತ ಹಾಗೆ 391ನ್ನು ಒಡೆಯೋಕೆ ಹೋದೆ. 2, 3, 5, 7, 11, 13, ಯಾವುದರಿಂದಲೂ ಭಾಗ ಹೋಗಲಿಲ್ಲ. ನಾನಂತೂ ಅಲ್ಲಿಗೇ ಕೈಬಿಡೋ ಗಿರಾಕಿ.

ಇನ್ನೊಂದು ದಾರಿ ಇದೆ, ಅದಕ್ಕೆ ಕಳೆಯೋದು ಬಂದ್ರೆ ಸಾಕು. ಇಬ್ಬರ ನೋಟುಗಳನ್ನೂ ಒಂದೇ ಸೈಜಿನ ಕಟ್ಟುಗಳಾಗಿ ಕಟ್ಟಬೇಕು, ಒಂದು ನೋಟೂ ಉಳಿಯಬಾರದು ಅಂತ ಇಟ್ಕೊಳ್ಳಿ. ಹಾಗಿದ್ರೆ ಅವನ ಹತ್ತಿರ ಹೆಚ್ಚಿಗೆ ಇರೋದೂ ಪೂರ್ತಿ ಕಟ್ಟುಗಳೇ ಆಗಿರಬೇಕು, ಅಲ್ವಾ? 391ರಲ್ಲಿ 323 ಹೋದ್ರೆ 68. ಈಗ 323ರಲ್ಲಿ 68ನ್ನು ನಾಲ್ಕು ಸಲ ತೆಗೀರಿ, 51 ಉಳಿಯುತ್ತೆ. 68ರಲ್ಲಿ 51 ಹೋದ್ರೆ 17. 51 ಅಂದ್ರೆ ಸರಿಯಾಗಿ ಮೂರು 17. ಏನೂ ಉಳಿಯಲಿಲ್ಲ, ಮುಗೀತು. ಆ 17 ಕೂಡ ಪೂರ್ತಿ ಕಟ್ಟೇ ಆಗಬೇಕಾದ್ದರಿಂದ ಅದಕ್ಕಿಂತ ದೊಡ್ಡ ಕಟ್ಟು ಸಾಧ್ಯವಿಲ್ಲ. ಇದೇ ಮ.ಸಾ.ಅ. ಗ್ರೀಕ್ ಗಣಿತಜ್ಞ ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆ ಬರೆದಿಟ್ಟ ದಾರಿ.

ಅವನವು 23 ಕಟ್ಟು, ನನ್ನವು 19. ಒಟ್ಟು 42. ಲಾಭ 21,000ನ್ನು 42ರಿಂದ ಭಾಗಿಸಿದ್ರೆ ಕಟ್ಟಿಗೆ 500. ಅವನಿಗೆ 11,500, ನನಗೆ 9,500. ಸಮಪಾಲು ಅಂದಿದ್ರೆ ನನಗೆ ಒಂದು ಸಾವಿರ ಹೆಚ್ಚು ಬರ್ತಿತ್ತು, ಒಪ್ಕೋತೀನಿ.

ಆಮೇಲೆ ಗೊತ್ತಾಯ್ತು, ಹೀಗೆ ಪಾಲುಗಳನ್ನು ಕೂಡಿಸಿ, ಮೊತ್ತವನ್ನು ಭಾಗಿಸಿ, ಮತ್ತೆ ಗುಣಿಸಿ ಹಂಚೋ ಸೂತ್ರ ನಮ್ಮವರ ಪುಸ್ತಕದಲ್ಲೇ ಇದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ, ಸುಮಾರು ಕ್ರಿ.ಶ. 850ರ ಜೈನ ಗಣಿತಜ್ಞ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'. ಅದರಲ್ಲಿ ಈ ಲೆಕ್ಕದ ಹೆಸರು 'ಪ್ರಕ್ಷೇಪಕ ಕುಟ್ಟೀಕಾರ'. ಮ.ಸಾ.ಅ.ದ ಜೋಡಿ ಲ.ಸಾ.ಅ.ಗೂ ಅವರು 'ನಿರುದ್ಧ' ಅಂತ ಹೆಸರಿಟ್ಟು, ಛೇದಗಳ ಸಾಮಾನ್ಯ ಅಪವರ್ತನಗಳಿಂದ ಅದನ್ನು ಕಂಡುಹಿಡಿಯೋ ಕ್ರಮ ಹೇಳಿದ್ದಾರೆ. ಪುಸ್ತಕ ಸಂಸ್ಕೃತದಲ್ಲಿದೆ, ಅದೊಂದೇ ತೊಂದರೆ.

ಈ ಸಲ ಜೋಯಿಡಾದ ಗೆಳೆಯನೊಬ್ಬ 20,000 ಹಾಕ್ತೀನಿ ಅಂತ ಬಂದಿದ್ದಾನೆ. ನಮ್ಮಿಬ್ಬರದೂ ಹಳೇ ಮೊತ್ತವೇ. ಅವನ 200 ನೋಟನ್ನು 17ರ ಕಟ್ಟಿಗೆ ಹಾಕಿದ್ರೆ 13 ಉಳಿಯುತ್ತೆ. 17ರಲ್ಲಿ 13 ಹೋದ್ರೆ 4. 13ರಲ್ಲಿ ಮೂರು ಸಲ 4 ಹೋದ್ರೆ 1. ಅಂದ್ರೆ ಒಂದೊಂದು ನೋಟೂ ಒಂದೊಂದು ಕಟ್ಟು, ಒಟ್ಟು 914 ಪಾಲು! "ಇನ್ನೊಂದು ನಾನೂರು ಹಾಕಪ್ಪ, ಸರಿಯಾಗಿ 12 ಕಟ್ಟು ಆಗ್ತದೆ" ಅಂದೆ. ನಾನೂರು ಯಾಕೆ ಅಂತ ಕೇಳ್ದ. ಈ ಎಪಿಸೋಡ್ ಅವನಿಗೇ ಕಳಿಸ್ತಿದ್ದೀನಿ.