ಬಂದು ಹೋಗುವ ನೆಟ್‌ವರ್ಕ್: ರೋಗ ಎಲ್ಲಿದೆ?

(ಸಂಘಗಳ ಸದಸ್ಯರು ಹಾಗೂ ಕಾರ್ಯದರ್ಶಿಗಳ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರು ಕಂಪ್ಯೂಟರ್ ವಿಷಯ ಮಾತಾಡಲು ಯಾಕೆ ನಿಂತರು ಎಂದು ನೀವು ಕೇಳಬಹುದು. ಸಿಂಧನೂರಿನ ಕಾಲುವೆ ಕೆಳಗಿನ ಕ್ಯಾಂಪಿರಲಿ, ಲಿಂಗಸುಗೂರಿನ ಒಣಬೇಸಾಯದ ಊರಿರಲಿ, ಮಸ್ಕಿ ಸುತ್ತಿನ ಹಳ್ಳಿಯಿರಲಿ, ಲಸಿಕೆ ಹಾಕಲು ಹೋದಲ್ಲೆಲ್ಲ ಈಗ ಮೊದಲು ಕೇಳುವ ದೂರು ಕೆಚ್ಚಲು ಬಾವಿನದಲ್ಲ. "ಸಾಹೇಬ್ರ, ನೆಟ್ ಬರ್ತೈತಿ, ಹೋಗ್ತೈತಿ" ಎಂಬುದು. ಸಂಘದ ಯಂತ್ರ ಅಳೆದ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಲೆಕ್ಕ ಒಕ್ಕೂಟಕ್ಕೆ ತಲುಪಿದರೆ ತಾನೇ ಬಟವಾಡೆ? 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ 2016ರಲ್ಲಿ 5 ರೂಪಾಯಿಗೆ ಏರಿದ ಸರ್ಕಾರದ ಪ್ರೋತ್ಸಾಹಧನಕ್ಕೂ ಇದೇ ಲೆಕ್ಕ ಬೇಕು.

ಪೂರ್ತಿ ಸತ್ತ ಲೈನಿನ ದೋಷ ಬೇಗ ಸಿಗುತ್ತದೆ. ಕಷ್ಟ ಕೊಡುವುದು ಬಂದು ಹೋಗುವ ದೋಷ. ಸರ್ರಾ ರೋಗದಲ್ಲಿ ಜ್ವರ ಏರಿ ಇಳಿಯುತ್ತದೆ. ಇಳಿದಾಗ ರಕ್ತ ತೆಗೆದರೆ ಕ್ರಿಮಿ ಕಾಣದೇ ಹೋಗಬಹುದು, ಏರಿದಾಗಲೇ ತೆಗೆಯಬೇಕು. ನೆಟ್‌ವರ್ಕ್ ಪರೀಕ್ಷೆಯೂ ಹಾಗೆಯೇ.

ಒಂದು ಸಂಘದಲ್ಲಿ ಬೆಳಗಿನ ಹಾಲಿನ ಹೊತ್ತಿಗೆ ಸಂಪರ್ಕ ಎರಡು ಮೂರು ಸಲ ಕಡಿಯುತ್ತಿತ್ತು. ರಿಪೇರಿಯವರು ಬಂದರು, ಆದರೆ ಮಧ್ಯಾಹ್ನ ಬಂದರು. ಆಗ ಎಲ್ಲ ಸರಿಯಿತ್ತು. ಮೋಡೆಮ್ ಬದಲಾಯಿತು, ವೈರ್ ಬದಲಾಯಿತು, ಬೈದಾಟವೂ ಆಯಿತು. ಕಾರ್ಯದರ್ಶಿಯವರಿಗೆ ನಾನು ಹೇಳಿದ್ದು ಇಷ್ಟೇ: ಹೋದ ವೇಳೆ, ಬಂದ ವೇಳೆ, ಮೋಡೆಮಿನ ದೀಪಗಳು ಹೇಗಿದ್ದವು, ಆಗ ಕಟ್ಟಡದಲ್ಲಿ ಮತ್ತೇನು ನಡೆದಿತ್ತು, ಎಲ್ಲ ಬರೆದಿಡಿ. ಎಂಟು ದಿನದ ಬರಹ ನೋಡಿದಾಗ ಗೊತ್ತಾಯಿತು. ಹಾಲು ತಂಪು ಮಾಡುವ ಯಂತ್ರದ ಕಂಪ್ರೆಸರ್ ಶುರುವಾದಾಗಲೆಲ್ಲ ಮೋಡೆಮಿನ ಎಲ್ಲ ದೀಪಗಳೂ ಒಮ್ಮೆಲೇ ಆರಿ ಮತ್ತೆ ಹತ್ತುತ್ತಿದ್ದವು. ವೋಲ್ಟೇಜ್ ಕುಸಿದು ಮೋಡೆಮ್ ಆಫ್ ಆಗಿ ಹೊಸದಾಗಿ ಶುರುವಾಗುತ್ತಿತ್ತು. ಸಣ್ಣ ಯುಪಿಎಸ್ ಕೂಡಿಸಿದ ಮೇಲೆ ಕಾಟ ನಿಂತಿತು.

ಆದ್ದರಿಂದ ಮೊದಲು ದೀಪ ನೋಡಿ. ಎಲ್ಲವೂ ಆರಿದರೆ ಕರೆಂಟಿನ ಅಥವಾ ಅಡಾಪ್ಟರಿನ ದೋಷ. ಫೈಬರ್ ಇದ್ದಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಹತ್ತಿದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ. ಕೇಬಲ್ ಎಲ್ಲೋ ಮಡಚಿದೆ, ಇಲ್ಲವೇ ತುಂಡಾಗಿದೆ. ರಸ್ತೆ, ಪೈಪ್‌ಲೈನ್ ಅಗೆದ ಜಾಗ ನೋಡಿ ಬನ್ನಿ. ದೀಪಗಳೆಲ್ಲ ಸರಿಯಿದ್ದೂ ಲೆಕ್ಕ ಹೋಗದಿದ್ದರೆ ಕಂಪ್ಯೂಟರ್ ಬಲ್ಲ ಹುಡುಗರಿಂದ ಪಿಂಗ್ ಮಾಡಿಸಿ. ಹಾಲು ಹಾಕುವ ಹೊತ್ತಿನಲ್ಲೇ ಮಾಡಿಸಿ. ಮೊದಲು ಮೋಡೆಮಿಗೆ 100 ಸಲ, ನಂತರ ಹೊರಗಿನ ಒಂದು ವಿಳಾಸಕ್ಕೆ, ಕೊನೆಗೆ ಒಕ್ಕೂಟದ ಸರ್ವರಿಗೆ. ಮೋಡೆಮಿನಿಂದಲೇ ಉತ್ತರ ತಪ್ಪಿದರೆ ದೋಷ ನಿಮ್ಮ ಕೋಣೆಯಲ್ಲಿದೆ. ಬಹಳ ಸಲ ಸಡಿಲ ಪಿನ್ನು, ಇಲಿ ಕಡಿದ ವೈರು. ಮೋಡೆಮ್ ನೂರಕ್ಕೆ ನೂರು ಉತ್ತರಿಸಿ ಹೊರಗಿನದು ತಪ್ಪಿದರೆ ಲೈನಿನವರಿಗೆ ವೇಳೆ ಸಮೇತ ದೂರು ಕೊಡಿ. ಹೊರಗಿನದೂ ಸರಿಯಿದ್ದು ಒಕ್ಕೂಟದ ಸರ್ವರ್ ಮಾತ್ರ ಸಿಗದಿದ್ದರೆ ಮುಲಾಜಿಲ್ಲದೆ ನಮ್ಮನ್ನೇ ಕೇಳಿ.

ಸಿಮ್ ಮೇಲೆ ನಡೆಸುವವರಿಗೆ ಒಂದು ಮಾತು. ಎರಡು ಕಂಪನಿಯ ಸಿಮ್ ಇಟ್ಟರೂ ಎರಡೂ ಒಂದೇ ಟವರಿನ ಮೇಲಿದ್ದರೆ, ಕರೆಂಟ್ ಹೋಗಿ ಟವರಿನ ಬ್ಯಾಟರಿ ಇಳಿದಾಗ ಎರಡೂ ಕೂಡಿಯೇ ಹೋಗುತ್ತವೆ. ಖರೀದಿಗೆ ಮುಂಚೆ ವಿಚಾರಿಸಿ.

ಸದಸ್ಯರು ಅಂಜಬೇಕಾಗಿಲ್ಲ. ಅಳತೆ ಯಂತ್ರಕ್ಕೆ ನೆಟ್ ಬೇಕಿಲ್ಲ. ಲೆಕ್ಕ ಕಂಪ್ಯೂಟರಿನಲ್ಲಿ ಉಳಿದಿದ್ದರೆ ಸಂಪರ್ಕ ಬಂದ ಮೇಲೆ ಕಳಿಸಬಹುದು. ಹೋಗಿಲ್ಲವೆಂದು ಅವಸರದಲ್ಲಿ ಎರಡನೇ ಸಲ ನಮೂದಿಸಿದರೆ ಒಂದೇ ಹಾಲು ಎರಡು ಸಲ ಬಿದ್ದು ತಗಾದೆ ಹುಟ್ಟುತ್ತದೆ. ಹಾಲು ಹಾಕಿದವರು ಚೀಟಿ ಪಡೆದು, ಬಟವಾಡೆ ಆಗುವವರೆಗೆ ಜೋಪಾನ ಮಾಡಬೇಕು. ನಮ್ಮ ಮಸ್ಕಿಯಲ್ಲಿ ಅಶೋಕ ಬಂಡೆಯ ಮೇಲೆ ಬರೆಸಿದ್ದು ಇಂದಿಗೂ ಓದಲು ಸಿಗುತ್ತದೆ. ಯಂತ್ರದ ಚೀಟಿ ಬಿಸಿಲಿಗೆ ಬಿದ್ದರೆ ಕೆಲವೇ ದಿನದಲ್ಲಿ ಮಾಸುತ್ತದೆ. ಒಳಗಿಡಿ.

ಕಾರ್ಯದರ್ಶಿಗಳು ಇಂದೇ ಒಂದು ನೋಟ್‌ಬುಕ್ ಮೋಡೆಮಿನ ಪಕ್ಕ ಇಡಿ. ಮುಂದಿನ ಸಲ ಕಾಲುಬಾಯಿ ಲಸಿಕೆಗೆ ಬಂದಾಗ ಅದನ್ನೂ ನೋಡುತ್ತೇನೆ.